ಬಿದ್ದ ನೆಲದ ಕಾನೂನೋ, ಹೊರಟ ಮನೆಯ ಕಾನೂನೋ

ನ್ಯೂಯಾರ್ಕ್ ರಾಜ್ಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ತಿಂಗಳ ಹಿಂದೆ ದೂರವಾಣಿ ಮಾಡಿದ್ದ. ಸ್ನೇಹಿತನ ಕಾರಿನಲ್ಲಿ ನಯಾಗರಾ ಜಲಪಾತದ ಕೆನಡಾ ಬದಿಗೆ ಹೋಗಿದ್ದಾಗ ಅಪಘಾತವಾಗಿ ಕಾಲು ಮುರಿದಿತ್ತು. "ಮೇಷ್ಟ್ರೇ, ವಿಮೆಯ ಹಣ ಬೇಕಾದರೆ ಸ್ನೇಹಿತನ ಮೇಲೇ ದಾವೆ ಹೂಡಬೇಕಾಗಬಹುದಂತೆ. ಅದಕ್ಕೆ ಯಾವ ದೇಶದ ಕಾನೂನು ಅನ್ನುವುದೇ ತಿಳಿಯುತ್ತಿಲ್ಲ" ಎಂದ. ಮೂವತ್ತು ವರ್ಷ ಪೌರನೀತಿ ಬೋಧಿಸಿದ ನನಗೂ ತಿಳಿದಿರಲಿಲ್ಲ. ವಕೀಲರನ್ನು ಕಾಣೆಂದು ಹೇಳಿ ಫೋನಿಟ್ಟೆನಾದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೈಸೂರಿನಲ್ಲಿ ವಕೀಲನಾಗಿರುವ ಇನ್ನೊಬ್ಬ ಶಿಷ್ಯ ಎರಡು ತೀರ್ಪುಗಳನ್ನು ಅಚ್ಚು ತೆಗೆದು ತಂದುಕೊಟ್ಟ.

ಮೊದಲನೆಯದು ನನ್ನ ಶಿಷ್ಯನ ಕಥೆಯೇ ಎನ್ನುವಂತಿದೆ. 1960ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ರೋಚೆಸ್ಟರ್ ಪಟ್ಟಣದ ಮಹಿಳೆಯೊಬ್ಬರು ಪರಿಚಿತ ದಂಪತಿಗಳ ಕಾರಿನಲ್ಲಿ ಕೆನಡಾದ ಆಂಟೇರಿಯೊ ಪ್ರಾಂತಕ್ಕೆ ವಾರಾಂತ್ಯದ ಪ್ರವಾಸ ಹೊರಟರು. ಅಲ್ಲಿ ಕಾರು ಕಲ್ಲುಗೋಡೆಗೆ ಬಡಿಯಿತು. ಬಾಡಿಗೆ ಕೊಡದೆ ಕುಳಿತವರು ಚಾಲಕನಿಂದ ಪರಿಹಾರ ಕೇಳುವಂತಿಲ್ಲ ಎಂಬ ಕಾನೂನು ಅಂದು ಆಂಟೇರಿಯೊದಲ್ಲಿತ್ತು (ಈಗ ಇಲ್ಲ). ನ್ಯೂಯಾರ್ಕಿನಲ್ಲಿ ಅಂಥ ಅಡ್ಡಿಯಿರಲಿಲ್ಲ. ಅಪಘಾತ ನಡೆದ ಸ್ಥಳದ ಕಾನೂನೇ ಅನ್ವಯವೆಂಬ ಹಳೆಯ ನಿಯಮದಂತೆ ಕೆಳಗಿನ ನ್ಯಾಯಾಲಯಗಳು ದಾವೆಯನ್ನು ತಳ್ಳಿಹಾಕಿದವು. 1963ರಲ್ಲಿ ನ್ಯೂಯಾರ್ಕಿನ ಉಚ್ಚತಮ ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಾಧೀಶ ಸ್ಟ್ಯಾನ್ಲಿ ಫುಲ್ಡ್ ಬೇರೆಯ ಪ್ರಶ್ನೆ ಕೇಳಿದರು. ಆ ಆಂಟೇರಿಯೊ ಕಾನೂನು ಹುಟ್ಟಿದ್ದಾದರೂ ಏತಕ್ಕೆ? ಅತಿಥಿಯೂ ಚಾಲಕನೂ ಕೂಡಿಕೊಂಡು ವಿಮಾ ಕಂಪನಿಗೆ ಮೋಸ ಮಾಡದಿರಲೆಂದು. ಇಲ್ಲಿ ಕಾರು, ವಿಮೆ, ಪ್ರಯಾಣಿಕರು ಎಲ್ಲವೂ ನ್ಯೂಯಾರ್ಕಿನವು; ಪ್ರಯಾಣ ಹೊರಟದ್ದೂ ಮರಳಬೇಕಾದದ್ದೂ ಅಲ್ಲಿಗೇ. ನ್ಯೂಯಾರ್ಕಿನ ವಿಮಾ ಕಂಪನಿಯನ್ನು ಕಾಯುವುದರಲ್ಲಿ ಆಂಟೇರಿಯೊಗೆ ಏನು ಆಸಕ್ತಿ? ಹಾಗೆಂದು ಸ್ಥಳದ ಕಾನೂನನ್ನು ಪೂರ್ತಿ ಕೈಬಿಡಲಿಲ್ಲ. ಕಾರು ಸರಿಯಾಗಿ ಓಡಿಸಿದನೇ ಎಂಬುದನ್ನು ಆ ರಸ್ತೆಯ ನಿಯಮದಿಂದಲೇ ಅಳೆಯಬೇಕು.

ಎರಡನೆಯದನ್ನು ಓದಿದಾಗ ಮನಸ್ಸು ಕಲಕಿತು. 1979ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಹನ್ನೆರಡು ವರ್ಷದ ಹುಡುಗನೊಬ್ಬ ತಂದೆಯ ಕಾರಿನಲ್ಲಿ ಸಸ್ಕ್ಯಾಚವಾನ್ ಪ್ರಾಂತದಲ್ಲಿ ಅಪಘಾತಕ್ಕೀಡಾದ. ಎಂಟು ವರ್ಷಗಳ ಅನಂತರ ತಂದೆಯ ಮೇಲೂ ಎದುರು ಕಾರಿನವನ ಮೇಲೂ ದಾವೆ ಹೂಡಿದ. ಮಗ ತಂದೆಯ ಮೇಲೆ ದಾವೆಯೇ! ನನಗೂ ಹಾಗೇ ಅನಿಸಿತು. ಹಣ ಕೊಡುವುದು ವಿಮೆಯೆಂಬುದು ನೆನಪಾದ ಮೇಲೆ ಸಮಾಧಾನವಾಯಿತು. ಹುಟ್ಟೂರಿನ ಕಾನೂನಿನಲ್ಲಿ ಅವನಿಗೆ ಕಾಲಾವಕಾಶವಿತ್ತು, ಸಸ್ಕ್ಯಾಚವಾನಿನಲ್ಲಿ ಮುಗಿದಿತ್ತು. 1994ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಅಪಘಾತದ ಸ್ಥಳದ ಕಾನೂನೇ ಅನ್ವಯವೆಂದಿತು. ಕಾಲಮಿತಿ ಕೇವಲ ಕಚೇರಿಯ ವಿಧಾನವಲ್ಲ, ಹಕ್ಕಿನದೇ ಒಂದು ಅಂಗವೆಂದು ಸೇರಿಸಿತು. ದಾವೆ ಬಿತ್ತು.

ನನ್ನ ಹೃದಯ ಫುಲ್ಡ್ ಅವರ ಕಡೆಗಿದೆ. ಆದರೆ ಪರೀಕ್ಷೆಗಳನ್ನು ನಡೆಸಿದವನಾದ್ದರಿಂದ ಕೆನಡಾದ ವಾದವೂ ತಿಳಿಯುತ್ತದೆ. ಎಲ್ಲರಿಗೂ ಮೊದಲೇ ಗೊತ್ತಿರುವ ಒಂದೇ ನಿಯಮವಿದ್ದರೆ, ಪ್ರತಿಯೊಬ್ಬರ ಊರು ಕೇರಿ ವಿಚಾರಿಸಿ ತೂಗುವ ಕೆಲಸ ತಪ್ಪುತ್ತದೆ. ಕಷ್ಟವೆಂದರೆ, ಒಂದೇ ನದಿಯ ಎರಡು ದಡಗಳಲ್ಲಿ ಎರಡು ಬಗೆಯ ಉತ್ತರ. ಯಾವ ನ್ಯಾಯಾಲಯದ ಬಾಗಿಲು ತಟ್ಟುತ್ತೇವೆಂಬುದರ ಮೇಲೆ ಯಾವ ಕಾನೂನೆಂಬುದು ಬದಲಾಗಬಲ್ಲದು.

ಶಿಷ್ಯನಿಗೆ ಇದೆಲ್ಲವನ್ನೂ ಬರೆದೆ. ಇಂಥ ದಾವೆಗೆ ನ್ಯೂಯಾರ್ಕಿನಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಗಡುವು, ಆಂಟೇರಿಯೊದಲ್ಲಿ ಎರಡು. ಚಿಕ್ಕದನ್ನೇ ಗಡುವೆಂದು ಹಿಡಿ, ಉಳಿದದ್ದನ್ನು ವಕೀಲರಿಗೆ ಬಿಡು ಎಂದೆ. ಅವನನ್ನು ಕಾಡುತ್ತಿದ್ದದ್ದು ಮಾತ್ರ ಬೇರೆಯೇ: ಸ್ನೇಹಿತನ ಮುಖ ಹೇಗೆ ನೋಡುವುದು? ಮೊನ್ನೆ ಮತ್ತೆ ಕರೆ ಮಾಡಿದ್ದ. ಆ ಸ್ನೇಹಿತನೇ ಇವನನ್ನು ವಕೀಲರ ಬಳಿಗೆ ಕಾರಿನಲ್ಲಿ ಕರೆದೊಯ್ದನಂತೆ.