ಅರ್ಧ ರೇಟಿನ ಅಂಜಲ್

ಮ್ಯಾಟಿನಿ ಬಿಟ್ಟು ಹೊರಗೆ ಬಂದ ಹುಡುಗನ ಹೊಟ್ಟೆಯ ಸಂಕಟ ನಿಮಗೆ ಗೊತ್ತೇ ಇದೆ. ಇಂಟರ್‌ವಲ್‌ನಲ್ಲಿ ತಿಂದ ಕಡಲೆ ಎಂದೋ ಕರಗಿರುತ್ತದೆ, ಜೇಬಿನಲ್ಲಿ ಉಳಿದದ್ದು ಬಸ್ಸಿನ ಚಿಲ್ಲರೆ. ಅಂಥ ಹೊತ್ತಿನಲ್ಲಿ 'ಸಂಜೆ 4ರಿಂದ 7: ಎಲ್ಲಾ ಫ್ರೈ ಅರ್ಧ ರೇಟು' ಅಂತ ಬೋರ್ಡು ಕಂಡರೆ? ಅದರ ಮೇಲೆ ದಪ್ಪಕ್ಷರದಲ್ಲಿ 'ಹ್ಯಾಪಿ ಅವರ್' ಬೇರೆ!

ನಾನು ಹೇಳುತ್ತಿರುವುದು ಉಡುಪಿಯ ಮಾತು. ನಗಬೇಡಿ. ಘಟ್ಟದ ಮೇಲಿನವರಿಗೆ ಉಡುಪಿ ಅಂದರೆ ಮಸಾಲೆದೋಸೆ, ಸಾಂಬಾರು. ಆದರೆ ಪಡುವಣಕ್ಕೆ ಐದಾರು ಕಿಲೋಮೀಟರ್ ಹೋದರೆ ಮಲ್ಪೆ ಬಂದರು. ನಾನು ಕೆಲಸಕ್ಕಿದ್ದ ಮೊಬೈಲ್ ಅಂಗಡಿಯ ಹಿಂದಿನ ಓಣಿಯಲ್ಲೇ ಆ ಮೀನಿನ ಹೋಟೆಲು. ಹೆಸರು ಬೇಡ. ಹತ್ತು ಮೇಜು, ತಿರುಗಿದರೆ ಕಿರುಗುಟ್ಟುವ ಎರಡು ಫ್ಯಾನು. ಧಣಿಗಳ ಲೆಕ್ಕಾಚಾರ ಸರಳ. ಬೆಳಿಗ್ಗೆ ತಂದ ಮೀನು ಮಧ್ಯಾಹ್ನದ ಊಟಕ್ಕೆ ಹೋಗಬೇಕು, ಉಳಿದದ್ದು ರಾತ್ರಿಯ ತನಕ ಕೂತರೆ ನಷ್ಟ. ಅದಕ್ಕೇ ಸಂಜೆಗೆ ಈ ಹ್ಯಾಪಿ ಅವರ್. ಹ್ಯಾಪಿ ಯಾರಿಗೆ ಅಂತ ಕೇಳಬಾರದು!

ನನಗೆ ಮೀನು ತಿನ್ನಲು ಕಲಿಸಿದ್ದು ನನ್ನ ಶಾಲೆಯ ದೋಸ್ತಿ. ತಿನ್ನುವುದನ್ನಲ್ಲ, ನೋಡಿ ತಿನ್ನುವುದನ್ನು. ಅವನು ಮಲ್ಪೆಯಲ್ಲಿ ಟ್ರಾಲ್ ಬೋಟಿಗೆ ಹೋಗುವವನು, ಹೋದರೆ ಹತ್ತು ದಿನ ಬರುವುದಿಲ್ಲ. "ಕಿವಿರು ಕೆಂಪು ಇರ್ಬೇಕು, ಕಣ್ಣು ಉಬ್ಬಿ ಮಿಂಚ್ಬೇಕು, ಒತ್ತಿದ್ರೆ ಮಾಂಸ ವಾಪಸು ಏಳ್ಬೇಕು" ಅನ್ನುತ್ತಿದ್ದ. ಆದರೆ ಹೋಟೆಲಿನಲ್ಲಿ ಕಿವಿರು ಎಲ್ಲಿ, ಕಣ್ಣು ಎಲ್ಲಿ? ಅಂಜಲ್ ಬರುವುದು ತುಂಡಾಗಿ, ಮೈತುಂಬ ರವೆಯೋ ಮಸಾಲೆಯೋ ಮೆತ್ತಿಕೊಂಡು. ಅದಕ್ಕೂ ಅವನಲ್ಲಿ ಸೂತ್ರ ಇತ್ತು. ತಾಜಾ ಅಂಜಲ್ ಎಳೆ ಎಳೆಯಾಗಿ ಬಿಡುತ್ತದೆ, ಹಳೆಯದು ಬೆರಳು ತಾಗಿದರೆ ಹುಡಿಹುಡಿ. ಆದರೂ ಅವನು ಅಂಜಲ್ ಆರ್ಡರ್ ಮಾಡಿದ್ದನ್ನು ನಾನು ನೋಡಿಲ್ಲ. ಯಾವಾಗಲೂ ಬಂಗುಡೆ, ಇಲ್ಲದಿದ್ದರೆ ಬೂತಾಯಿ.

"ಕಾಸು ಉಳಿಸ್ಲಿಕ್ಕಾ?" ಅಂತ ಒಮ್ಮೆ ಕೇಳಿದೆ.

"ಅಲ್ಲ ಮಾರಾಯ. ನಾವು ಮೊದಲ ದಿನ ಹಿಡಿದ ಮೀನು ಐಸಿನಲ್ಲಿ ಎಲ್ಲಕ್ಕಿಂತ ಅಡಿಗೆ ಇರ್ತದೆ. ದಡಕ್ಕೆ ಬರುವಾಗ ಅದಕ್ಕೆ ಹತ್ತು ದಿನ. ಬಂಗುಡೆ, ಬೂತಾಯಿ ಪರ್ಸೀನ್ ಬೋಟಿನದ್ದು. ಬೆಳಿಗ್ಗೆ ಹೋಗಿ ಸಂಜೆ ಬರ್ತದೆ. ನಿಮ್ಮ ದೊಡ್ಡ ಮೀನಿಗೆ ದೊಡ್ಡ ಹೆಸರು ಮಾತ್ರ."

ಮಳೆಗಾಲದಲ್ಲಿ ಬೋಟುಗಳು ದಡ ಹತ್ತಿ ಕೂರುತ್ತವೆ. ಈಗ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ ನಿಷೇಧ. ಆ ದಿನಗಳಲ್ಲಿ ಬಿಲ್ಲು ನನ್ನದು, ಉಳಿದ ತಿಂಗಳು ಅವನದು. ಯಾರೂ ಕೂತು ಮಾಡಿದ ಒಪ್ಪಂದವಲ್ಲ, ಹಾಗೇ ನಡೆದು ಬಂದದ್ದು.

2014ರ ಏಪ್ರಿಲ್. 'ಉಳಿದವರು ಕಂಡಂತೆ' ಬಂದ ಹೊಸತು. ಥಿಯೇಟರಿನಲ್ಲಿದ್ದಾಗ ಅಷ್ಟೇನೂ ಓಡದಿದ್ದ ಈ ಚಿತ್ರವನ್ನು ಆಮೇಲೆ ಹುಡುಗರು ಹುಡುಕಿ ಹುಡುಕಿ ನೋಡಿದರು, ಆ ಕಥೆ ಬೇರೆ. ನಮ್ಮ ಮಲ್ಪೆ, ನಮ್ಮ ಭಾಷೆ ಪರದೆಯ ಮೇಲೆ! ನಾನು ಮೂರು ಸಲ ನೋಡಿದ್ದೆ. ಆಗಲೇ ಮೊಬೈಲ್ ಕಂಪನಿಯ ಇಬ್ಬರು ಬೆಂಗಳೂರಿನಿಂದ ಬಂದರು. ಅವರ ಮನಸ್ಸು ಗೆದ್ದರೆ ನನಗೆ ಬೆಂಗಳೂರಿನಲ್ಲೇ ಕೆಲಸ ಸಿಗಬಹುದು ಅಂತ ಅಂಗಡಿಯವರು ಕಿವಿಯಲ್ಲಿ ಊದಿದ್ದರು. ಮ್ಯಾಟಿನಿಗೆ ಕರೆದುಕೊಂಡು ಹೋದೆ, ಮುಗಿಸಿ ನೇರ ಹ್ಯಾಪಿ ಅವರ್‌ಗೆ. 160 ರೂಪಾಯಿಯ ಅಂಜಲ್ 80ಕ್ಕೆ. ಮೂರು ಪ್ಲೇಟು ಹೇಳಿದೆ, ಬಂಗುಡೆಯ ಹೆಸರೇ ಎತ್ತಲಿಲ್ಲ.

"ಆ ಬೋಟು, ಆ ಬಂದರು, ಆ ಜನ! ಏನ್ ತೋರ್ಸಿದ್ದಾನೆ ಗುರೂ ರಕ್ಷಿತ್ ಶೆಟ್ಟಿ!" ಅಂದ ಒಬ್ಬ, ತಟ್ಟೆ ತಟ್ಟಿ.

ಅಷ್ಟರಲ್ಲಿ ನನ್ನ ದೋಸ್ತಿ ಒಳಗೆ ಬಂದ. ನೇರ ಬಂದರಿನಿಂದ. ಲುಂಗಿ, ತೋಳಿನ ಮೇಲೆ ಒಣಗಿದ ಮೀನಿನ ಹುರುಪೆ, ಆ ವಾಸನೆ. ನನ್ನನ್ನು ಕಂಡವನೇ ಕೈ ಎತ್ತಿದ.

ತಟ್ಟೆ ತಟ್ಟಿದವನು ಮೂಗಿಗೆ ಕರ್ಚೀಫು ಹಿಡಿದ. "ಥೂ, ಇಂಥವ್ರನ್ನೆಲ್ಲಾ ಒಳಗೆ ಬಿಡ್ತಾರಾ ಇಲ್ಲಿ?" ಎದುರಿಗಿದ್ದದ್ದೂ ಮೀನೇ ಕಣ್ರೀ!

ನಾನೇನು ಮಾಡಿದೆ? ಫೋನಿನಲ್ಲಿ ಮುಖ ಹುದುಗಿಸಿದೆ. ಎತ್ತಿದ ಕೈ ಅರ್ಧಕ್ಕೇ ನಿಂತು, ತಲೆ ಕೆರೆದುಕೊಂಡು ಕೆಳಗಿಳಿದದ್ದು ಓರೆಗಣ್ಣಿಗೆ ಕಂಡಿತು. ಅವನು ಹೋಗಿ ಕೈ ತೊಳೆಯುವಲ್ಲಿದ್ದ ಮೂಲೆಯ ಮೇಜಿಗೆ ಕೂತ. ಎರಡು ಬಂಗುಡೆ ತಿಂದ. ನಡುನಡುವೆ ಎರಡು ಸಲ ನನ್ನ ತಟ್ಟೆಯ ಕಡೆ ನೋಡಿದ. ಅಣಕಿಸುತ್ತಿದ್ದಾನೆ ಅಂತ ನನಗೆ ಸಿಟ್ಟೂ ಬಂತು, ನೋಡಿ ನನ್ನ ಬುದ್ಧಿ! ದುಡ್ಡು ಕೊಟ್ಟು, ತಿರುಗಿ ನೋಡದೆ ಹೋದ.

ಆ ರಾತ್ರಿ ಹೊಟ್ಟೆ ತೊಳಸಿ ನಾಲ್ಕು ಸಲ ಎದ್ದೆ. ಬೆಳಿಗ್ಗೆ ಅಂಗಡಿಗೆ ಚಕ್ಕರ್ ಹಾಕಿ ಮಲ್ಪೆ ಬಸ್ಸು ಹತ್ತಿದೆ. ಬಂದರಿನಲ್ಲಿ ಕೇಳಿದರೆ ಅವನ ಬೋಟು ಮುಂಜಾನೆಯೇ ಹೋಗಿಯಾಗಿತ್ತು. ಫೋನು ಹತ್ತಲಿಲ್ಲ. ನಡುಕಡಲಿನಲ್ಲಿ ಯಾವ ಟವರು? ಹತ್ತು ದಿನ. ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಡೈಲಾಗು ಬರೆದೆ, ಹೊಡೆದೆ, ಮತ್ತೆ ಬರೆದೆ. ಬೆಂಗಳೂರಿನವರು ಫೋನು ಮಾಡಲೇ ಇಲ್ಲ. ಅದರ ಚಿಂತೆಯೂ ನನಗಿರಲಿಲ್ಲ.

ಹನ್ನೊಂದನೆಯ ಸಂಜೆ ಅದೇ ಮೂಲೆಯ ಮೇಜಿನಲ್ಲಿ ಕೂತಿದ್ದ. ಹೋಗಿ ಎದುರಿಗೆ ಕೂತೆ. ಬರೆದ ಡೈಲಾಗು ಒಂದೂ ಬಾಯಿಗೆ ಬರಲಿಲ್ಲ.

"ಹೊಟ್ಟೆ ಹೇಗುಂಟು?" ಅಂದ.

"ನಿಂಗೆ ಹೇಗೆ ಗೊತ್ತು?"

"ಆ ದಿನದ ಅಂಜಲ್ ಹಳೇದು ಮಾರಾಯ. ನೀನು ಮುರಿಯುವಾಗ್ಲೇ ಹುಡಿ ಆಯ್ತು. ಎರಡು ಸಲ ನೋಡಿದೆ, ಕಣ್ಣಲ್ಲಾದ್ರೂ ಹೇಳುವ ಅಂತ. ನೀನು ತಲೆ ಎತ್ತಲೇ ಇಲ್ಲ."

ನನ್ನ ಗಂಟಲು ಕಟ್ಟಿತು. "ನಾನು ಆ ದಿನ..." ಅಂತ ಶುರು ಮಾಡಿದೆ.

ಅವನು ಗೋಡೆಯ ಗಡಿಯಾರ ನೋಡಿದ. "ಆರು ಐವತ್ತು ಆಯ್ತು. ಬೇಗ ಹೇಳು, ಏಳಾದ್ರೆ ಫುಲ್ ರೇಟು."

ಎರಡು ಬಂಗುಡೆ ಹೇಳಿದೆ.