ಹೇಳಿದ ಹೊತ್ತು

ನಮ್ಮ ಕಡೆಯ ಆಮಂತ್ರಣ ಪತ್ರಿಕೆಗಳಲ್ಲಿ ಅಚ್ಚಾಗುವ ಹೊತ್ತು ಒಂದು, ಜನರು ಓದಿಕೊಳ್ಳುವ ಹೊತ್ತು ಇನ್ನೊಂದು. ‘ಸಂಜೆ 4 ಗಂಟೆಗೆ ಸರಿಯಾಗಿ’ ಎಂದಿದ್ದರೆ ಆರಕ್ಕೆ ಹೊರಟರೆ ಸಾಕೆಂಬುದು ಎಲ್ಲರಿಗೂ ಗೊತ್ತು. ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ 31 ವರ್ಷ ಅಧ್ಯಾಪಕನಾಗಿದ್ದ ನಾನೂ ಇದಕ್ಕೆ ಹೊರತಾಗಿರಲಿಲ್ಲ. ಗಂಟೆ ಹೊಡೆಯುವ ಮೊದಲೇ ತರಗತಿಗೆ ಹಾಜರಾಗುತ್ತಿದ್ದವನು ಸಭೆ ಸಮಾರಂಭಗಳ ಮಟ್ಟಿಗೆ ಮಾತ್ರ ನಿರಾಳನಾಗಿದ್ದೆ. ಆ ನಿರಾಳತೆಗೆ ಬೆಲೆ ತೆರುವವರು ಯಾರೆಂಬುದನ್ನು ನನಗೆ ತಿಳಿಸಿಕೊಟ್ಟವಳು ಹನ್ನೊಂದು ವರ್ಷದ ಮೊಮ್ಮಗಳು. ಅದು ನಡೆದದ್ದು ಬಹುದೂರದ ಅಮೆರಿಕದಲ್ಲಿ, ಇಂಡಿಯಾನಾ ರಾಜ್ಯದ ಸಣ್ಣ ಊರೊಂದರ ಅಂಚಿನಲ್ಲಿ, ಡ್ರ್ಯಾಗ್ ರೇಸ್ ಎಂಬ ಓಟದ ಬಯಲಿನಲ್ಲಿ.

ನನ್ನ ಮಗ ಅಲ್ಲಿ ಎಂಜಿನಿಯರ್. ಬಾಲ್ಯದಲ್ಲಿ ನನ್ನ ಹೆಗಲ ಮೇಲೆ ಕುಳಿತು ಕಂಬಳದ ಕೋಣಗಳ ಓಟ ನೋಡಿದವನಿಗೆ ಡ್ರ್ಯಾಗ್ ರೇಸ್ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಜೋಡುಕರೆಯಂತೆಯೇ ಅಲ್ಲಿಯೂ ಪಕ್ಕಪಕ್ಕದಲ್ಲಿ ಎರಡು ನೇರ ಪಥಗಳು, ಒಮ್ಮೆಗೆ ಇಬ್ಬರೇ ಸ್ಪರ್ಧಿಗಳು. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ದೊಡ್ಡವರ ಓಟಕ್ಕೆ ಕಾಲು ಮೈಲಿ, ಅಂದರೆ 1,320 ಅಡಿ ಎಂಬುದು ಹಳೆಯ ರೂಢಿ. ಬೀದಿಗಳಲ್ಲಿ ನಡೆಯುತ್ತಿದ್ದ ಅಪಾಯದ ಪಂದ್ಯಗಳನ್ನು ಬಯಲಿಗೆ, ನಿಯಮದೊಳಕ್ಕೆ ತರುವ ಉದ್ದೇಶದಿಂದ ಅಲ್ಲಿಯ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ 1951ರಲ್ಲಿ ಸ್ಥಾಪನೆಯಾಯಿತು. 1990ರ ದಶಕದಲ್ಲಿ ಮಕ್ಕಳಿಗೂ ಪ್ರತ್ಯೇಕ ಸ್ಪರ್ಧೆಗಳು ಬಂದವು. 5ರಿಂದ 17 ವರ್ಷದವರೆಗಿನವರು ದೊಡ್ಡ ಗಾಡಿಗಳ ಅರ್ಧದಷ್ಟು ಗಾತ್ರದ ಗಾಡಿಗಳಲ್ಲಿ, ಹೆಚ್ಚೆಂದರೆ 660 ಅಡಿ ಓಡುತ್ತಾರೆ. ಸೊಂಟ ಭುಜಗಳಿಗೆ ಬಿಗಿದ ಪಟ್ಟಿಗಳು, ಹೆಲ್ಮೆಟ್, ಕುತ್ತಿಗೆಪಟ್ಟಿ, ಕೈಗವಸು ಇವಿಲ್ಲದೆ ಯಾರನ್ನೂ ಗೆರೆಯ ಬಳಿಗೆ ಬಿಡುವುದಿಲ್ಲ.

ಈ ಓಟದಲ್ಲಿ ವೇಗವಾಗಿ ಓಡಿದವರೇ ಗೆಲ್ಲುತ್ತಾರೆಂದು ನಾನು ತಿಳಿದಿದ್ದೆ. ಹಾಗಲ್ಲ. ಓಟಕ್ಕೆ ಮೊದಲೇ ಪ್ರತಿ ಮಗುವೂ ತನ್ನ ಗಾಡಿ ಎಷ್ಟು ಸೆಕೆಂಡಿನಲ್ಲಿ ಗುರಿ ಮುಟ್ಟುವುದೆಂದು ಲೆಕ್ಕ ಹಾಕಿ, ಅದನ್ನು ಗಾಡಿಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಒಬ್ಬಳು 10.10 ಎಂದೂ ಇನ್ನೊಬ್ಬ 9.40 ಎಂದೂ ಬರೆದರೆ ನಿಧಾನದವಳಿಗೆ 0.70 ಸೆಕೆಂಡು ಮೊದಲು ಹಸಿರು ದೀಪ ಹತ್ತುತ್ತದೆ. ಹಸಿರಿಗಿಂತ ಮುಂಚೆ ಹೊರಟರೆ ಕೆಂಪು ಹತ್ತಿ ಸೋಲು. ತಾನೇ ಬರೆದ ಸಮಯಕ್ಕಿಂತ ಬೇಗ ಮುಟ್ಟಿದರೂ, ಎದುರಾಳಿ ತನ್ನ ಮಾತು ಉಳಿಸಿಕೊಂಡಿದ್ದರೆ, ಸೋಲು. ಹೇಳಿದ ಹೊತ್ತಿಗೆ ಯಾರು ಹೆಚ್ಚು ಹತ್ತಿರ ನಿಂತರೋ ಅವರ ಕಡೆಗೇ ಗೆಲುವು ವಾಲುತ್ತದೆ. ಮೊಮ್ಮಗಳು ಇದನ್ನು ವಿವರಿಸಿದಾಗ, ಗಣಿತ ಕಲಿಸಲು ಎಂತಹ ಒಳ್ಳೆಯ ಉಪಾಯವೆಂದು ನಾನು ಮೆಚ್ಚಿದೆ. ಅದರಲ್ಲಿ ನನಗೊಂದು ಪಾಠವಿದೆಯೆಂದು ಆಗ ಹೊಳೆಯಲಿಲ್ಲ.

ಓಟದ ಗೆರೆಗೆ ಹೋಗುವ ಮುನ್ನ ಗಾಡಿಗಳು ಸಾಲಾಗಿ ನಿಲ್ಲುವ ಜಾಗಕ್ಕೆ ಸ್ಟೇಜಿಂಗ್ ಲೇನ್ ಎನ್ನುತ್ತಾರೆ. ನಾನದನ್ನು ಸರದಿಯ ಓಣಿ ಎಂದು ಕರೆದುಕೊಂಡೆ. ಧ್ವನಿವರ್ಧಕದಲ್ಲಿ ಕರೆ ಬಂದೊಡನೆ ಗಾಡಿಯೊಂದಿಗೆ ಅಲ್ಲಿರಬೇಕು. ಬೇರೆಯವರ ಸಾಲಿಗೆ ನುಗ್ಗಬಾರದು. ಮುಂದಿನ ಗಾಡಿ ಕದಲಿದಾಗ ತಾನೂ ಸಿದ್ಧನಿರಬೇಕು. ಗೆರೆಯ ಬಳಿ, 1963ರಿಂದ ಬಳಕೆಗೆ ಬಂದ, ‘ಕ್ರಿಸ್‌ಮಸ್ ಟ್ರೀ’ ಎಂದು ಹೆಸರಾದ ದೀಪಗಳ ಕಂಬವಿದೆ. ಅದರ ಮೊದಲ ದೀಪ ಗೆರೆ ಹತ್ತಿರವಾಯಿತೆಂದು, ಎರಡನೆಯದು ಗಾಡಿ ಗೆರೆಯ ಮೇಲೆ ನಿಂತಿತೆಂದು ತಿಳಿಸುತ್ತದೆ. ಇಬ್ಬರ ಮೊದಲ ದೀಪವೂ ಹತ್ತುವ ತನಕ ಯಾರೂ ಎರಡನೆಯದನ್ನು ಹತ್ತಿಸದೆ ಕಾಯುವುದು ಅಲ್ಲಿಯವರ ಮರ್ಯಾದೆ. ಏಕೆಂದರೆ ಕಾಯಿಸಿದರೆ ಎದುರಾಳಿಯ ಎಂಜಿನ್ ಬಿಸಿಯೇರುತ್ತದೆ. ಬಿಸಿಯೇರಿದರೆ ಅವನು ಬರೆದ ಲೆಕ್ಕವೇ ತಪ್ಪಬಹುದು.

ಜುಲೈ ತಿಂಗಳ ಒಂದು ಶನಿವಾರ. ಮೊಮ್ಮಗಳು ಎರಡು ಸುತ್ತು ಗೆದ್ದು ಮೂರನೆಯದಕ್ಕೆ ಬಂದಿದ್ದಳು. ಅವಳ ಕುತ್ತಿಗೆಪಟ್ಟಿ ಕಾರಿನಲ್ಲೇ ಉಳಿದಿತ್ತು. ತರುತ್ತೇನೆಂದು ನಾನೇ ಮುಂದಾಗಿ ಹೊರಟೆ. ಹಿಂತಿರುಗುವ ದಾರಿಯಲ್ಲಿ ಒಬ್ಬ ವೃದ್ಧರು ತಮ್ಮ ಹಳೆಯ ಕಾರನ್ನು ಒರೆಸುತ್ತಿದ್ದರು. ಕುತೂಹಲದಿಂದ ನಿಂತೆ. ಅವರು ಎಂಜಿನ್ನಿನ ಮುಚ್ಚಳ ತೆರೆದು ತೋರಿಸಿದರು. ಮೊದಲ ಕರೆ ಕೇಳಿಸಿತು, ಎರಡನೆಯದೂ ಕೇಳಿಸಿತು. ಮೊದಲನೆಯದು ಸೂಚನೆ, ಎರಡನೆಯದು ಒತ್ತಾಯ, ಹೊರಡುವುದು ಮೂರನೆಯದರ ಮೇಲೆ. ಇದು ನನ್ನ ಊರಿನ ಲೆಕ್ಕ.

ನಾನು ಓಣಿಗೆ ತಲಪುವಾಗ ಮೊಮ್ಮಗಳ ಗಾಡಿಯನ್ನು ಬದಿಗೆ ಸರಿಸಲಾಗಿತ್ತು. ಎದುರಾಳಿ ಹುಡುಗನ ತಂದೆಯೇ ಮೇಲ್ವಿಚಾರಕಿಯನ್ನು ಕಂಡು ಇನ್ನೆರಡು ನಿಮಿಷ ಬೇಡಿದ್ದರಂತೆ. ಆಕೆ ಕೊಟ್ಟಿದ್ದರು. ಅದೂ ಮುಗಿದಿತ್ತು. ಕುತ್ತಿಗೆಪಟ್ಟಿ ನನ್ನ ಕೈಯಲ್ಲಿರುವಂತೆಯೇ ಆ ಹುಡುಗ ಒಬ್ಬನೇ ಓಡಿದ. ಪಕ್ಕದ ಪಥ ಖಾಲಿ.

ಮಗ ಏನೂ ಅನ್ನಲಿಲ್ಲ. ಮೊಮ್ಮಗಳ ಕಣ್ಣು ತುಂಬಿತ್ತು, ಆದರೆ ಅವಳು ನೇರ ಆ ಹುಡುಗನ ಬಳಿಗೆ ಹೋಗಿ ಏನೋ ಹೇಳಿ ಕೈ ಕುಲುಕಿ ಬಂದಳು. ಏನು ಹೇಳಿದೆಯೆಂದು ಕೇಳಿದೆ.

“ಕಾಯಿಸಿದ್ದಕ್ಕೆ ಕ್ಷಮಿಸು ಅಂದೆ, ಅಜ್ಜ. ಈ ಬಿಸಿಲಲ್ಲಿ ಹೆಲ್ಮೆಟ್ ಹಾಕಿಕೊಂಡು ಅಷ್ಟು ಹೊತ್ತು ಕೂತಿದ್ದ.”

ತಡವಾದದ್ದು ಯಾರಿಂದ ಎಂಬುದನ್ನು ಅವಳು ಆತನಿಗೂ ಹೇಳಿರಲಿಲ್ಲ, ನನಗೂ ಹೇಳಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಮ್ಮ ಕಂಬಳದ ಗಂತು ನೆನಪಾಯಿತು. ಒಂದು ಜೋಡಿ ಸಿದ್ಧವಾಗಿ ನಿಂತಿದ್ದರೂ ಇನ್ನೊಂದು ಕಡೆಯವರು ಬಿಡದೆ ತಡಮಾಡುವುದು, ಕಾದ ಕೋಣಗಳು ತಾಳ್ಮೆಗೆಟ್ಟು ಕೊಸರಾಡುವುದು, ಹೀಗೆಯೇ ಓಟಗಳು ರಾತ್ರಿ ದಾಟಿ ಮರುದಿನದ ಬಿಸಿಲಿನವರೆಗೆ ಎಳೆಯುವುದು ನಾವು ಕಂಡದ್ದೇ. ಇನ್ನೂ ಹೆಚ್ಚು ಕಾಡಿದ್ದು ಹಳೆಯ ಒಂದು ವಾರ್ಷಿಕೋತ್ಸವ. ಯಕ್ಷಗಾನದ ಮಕ್ಕಳಿಗೆ ಮೂರು ಗಂಟೆಗೇ ಬಣ್ಣ ಹಚ್ಚಿಸಿದ್ದೆವು. ಮುಖ್ಯ ಅತಿಥಿಗಳು ಬಂದದ್ದು ರಾತ್ರಿ ಎಂಟಕ್ಕೆ. ಬಾಲಗೋಪಾಲನ ವೇಷದ ಮೂರನೆಯ ತರಗತಿಯ ಹುಡುಗ ಪರದೆಯ ಹಿಂದೆ ಬೆಂಚಿನ ಮೇಲೆ ನಿದ್ರಿಸಿದ್ದ. ಅತ್ತದ್ದರಿಂದ ಕೆನ್ನೆಯ ಬಣ್ಣ ಕಲಸಿತ್ತು. ನಾನು ಅವನನ್ನು ತಟ್ಟಿ ಎಬ್ಬಿಸಿ ರಂಗಕ್ಕೆ ಕಳುಹಿಸಿದ್ದೆ. ಕ್ಷಮಿಸು ಎಂದು ಹೇಳಬೇಕೆಂದು ಅಂದು ತೋರಿರಲಿಲ್ಲ.

ಊರಿಗೆ ಮರಳಿದ ಮೇಲೆ ಶಾಲೆಯ ವಾರ್ಷಿಕೋತ್ಸವ ಸಮಿತಿಯಲ್ಲಿ ಹಳೆಯ ಅಧ್ಯಾಪಕನೆಂದು ನನ್ನನ್ನೂ ಸೇರಿಸಿದರು. ಅಚ್ಚು ಹಾಕಿದಂತೆ ನಾಲ್ಕಕ್ಕೆ ಆರಂಭಿಸಲೇಬೇಕೆಂದು ಹಟ ಹಿಡಿದೆ. ಆರಂಭವಾಯಿತು. ಅರ್ಧಕ್ಕರ್ಧ ಕುರ್ಚಿಗಳು ಖಾಲಿ ಇದ್ದವು. ಬೆನ್ನು ತಟ್ಟಿಕೊಳ್ಳುವ ಉತ್ಸಾಹದಲ್ಲಿದ್ದ ನನ್ನ ಬಳಿಗೆ ಆರು ಗಂಟೆಯ ಸುಮಾರಿಗೆ ತಾಯಿಯೊಬ್ಬಳು ಬಂದಳು. ಉಪ್ಪಳದ ಬಟ್ಟೆ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ. ಮೊದಲ ನೃತ್ಯದಲ್ಲಿ ಅವಳ ಮಗಳಿದ್ದಳು.

“ಮಾಷ್ಟ್ರೇ, ನಾಲ್ಕು ಗಂಟೆ ಅಂತ ಬರೆದದ್ದು ನೋಡಿದ್ದೆ. ಪ್ರತಿ ವರ್ಷದ ಹಾಗೆ ಆರಾಗಬಹುದು ಅಂದುಕೊಂಡೆ. ನಾಲ್ಕಕ್ಕೆ ಬರಬೇಕಾದರೆ ನನಗೆ ಅರ್ಧ ದಿನದ ಸಂಬಳ ಹೋಗುತ್ತದೆ. ಮೊದಲೇ ಹೇಳಿದ್ದರೆ ಅದನ್ನಾದರೂ ಬಿಡುತ್ತಿದ್ದೆ.”

ಅವಳಿಗೆ ಉತ್ತರವಾಗಿ ನನ್ನಲ್ಲಿ ಇದ್ದದ್ದು ಒಂದೇ ಮಾತು. ಈ ಸಲ ಅದನ್ನು ಹೇಳಿದೆ: “ತಪ್ಪಾಯಿತು, ಕ್ಷಮಿಸಬೇಕು.”

ಮೊಮ್ಮಗಳ ಗಾಡಿಯ ಮೇಲಿನ ಅಂಕಿ ನನಗೆ ಅರ್ಥವಾದದ್ದು ಆಗಲೇ. ನಾನು ಗಡಿಯಾರವನ್ನು ಮಾತ್ರ ಪಾಲಿಸಿದ್ದೆ. ಆದರೆ ಉಳಿಸಿಕೊಳ್ಳಬಲ್ಲ ಹೊತ್ತನ್ನೇ ಮೊದಲು ಬರೆಯಬೇಕು, ಬರೆದ ಮೇಲೆ ಅದಕ್ಕೆ ಬದ್ಧರಾಗಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಯಾರೋ ಒಬ್ಬರು ಬಿಸಿಲಲ್ಲಿ ಕಾಯುತ್ತಾರೆ, ಅಥವಾ ಓಡಿಬಂದು ಖಾಲಿ ರಂಗ ನೋಡುತ್ತಾರೆ.

ಮರುವರ್ಷ ಪತ್ರಿಕೆ ಅಚ್ಚು ಹಾಕುವ ಮೊದಲು ಮನೆಮನೆಗೆ ಕೇಳಿ ಕಳುಹಿಸಿದೆವು: ಕೆಲಸ ಬಿಡುವುದು ಎಷ್ಟಕ್ಕೆ, ಬಸ್ಸು ಎಷ್ಟಕ್ಕೆ ಎಂದು. 5.45 ಎಂದು ಅಚ್ಚಾಯಿತು. ಅತಿಥಿಗಳಿಗೂ ಅದನ್ನೇ ತಿಳಿಸಿದೆವು; ತಡವಾದರೆ ಕಾಯುವುದಿಲ್ಲವೆಂದು ವಿನಯದಿಂದ ಹೇಳಿದೆವು. ಮಕ್ಕಳಿಗೆ ಬಣ್ಣ ಹಚ್ಚಲು ಕುಳಿತದ್ದು ನಾಲ್ಕೂವರೆಯ ನಂತರವೇ. ಉಪ್ಪಳದ ಆ ತಾಯಿ ಎರಡನೆಯ ಸಾಲಿನಲ್ಲಿದ್ದಳು.

ರಾತ್ರಿ ಮೊಮ್ಮಗಳು ಫೋನು ಮಾಡಿದಳು. “ಅಜ್ಜ, ಎಷ್ಟು ಬರೆದಿದ್ದಿರಿ? ಎಷ್ಟಕ್ಕೆ ಶುರುವಾಯಿತು?”

“ಬರೆದದ್ದು 5.45. ಪ್ರಾರ್ಥನೆಯ ಮಕ್ಕಳು ವೇದಿಕೆ ಹತ್ತುವಾಗ 5.52 ಆಯಿತು” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವಳು ಒಂದು ಕ್ಷಣ ಲೆಕ್ಕ ಹಾಕಿದಳು.

“ಹಾಗಾದರೆ ಮುಂದಿನ ವರ್ಷ 5.50 ಎಂದು ಬರೆಯಿರಿ, ಅಜ್ಜ. ಮತ್ತೆ ಎರಡು ನಿಮಿಷ ಬೇಗ ಹೊರಡಿ.”