ನಾಟಕಕ್ಕೆ ಬರುವ ಅಕ್ಕಂದಿರ ಲೆಕ್ಕ

ಜಾತ್ರೆ ಹತ್ತಿರ ಬಂತೆಂದರೆ ನಮ್ಮ ಮೋಕ ಸುತ್ತಲಿನ ಊರುಗಳಲ್ಲಿ ನಾಟಕದ ಕರಪತ್ರ ಹಂಚುತ್ತಾರೆ. ಈಗ ವಾಟ್ಸಾಪ್‌ನಲ್ಲೂ ಬರುತ್ತದೆ. ಅದನ್ನು ಒಮ್ಮೆ ಪೂರ್ತಿ ಓದಿ ನೋಡಿ. ದುರ್ಯೋಧನ ಯಾರು, ಭೀಮ ಯಾರು, ಶಕುನಿ ಯಾರು ಎಂದು ಒಬ್ಬೊಬ್ಬರ ಹೆಸರೂ ಫೋಟೋ ಸಮೇತ ಇರುತ್ತದೆ. ಹಾರ್ಮೋನಿಯಂ ಮಾಸ್ತರ ಹೆಸರು, ತಬಲಾದವರ ಹೆಸರು, ಸೀನರಿ ತಂದವರ ಹೆಸರು, ಊಟ ಹಾಕಿಸಿದ ದಾನಿಗಳ ಹೆಸರೂ ಇರುತ್ತದೆ. ದ್ರೌಪದಿ ಯಾರು? ಬಹಳಷ್ಟು ಕರಪತ್ರಗಳಲ್ಲಿ ಕೊನೆಗೆ ಒಂದೇ ಸಾಲು: ಸ್ತ್ರೀ ಪಾತ್ರಗಳು ನುರಿತ ಕಲಾವಿದೆಯರಿಂದ.

ಆ ನುರಿತ ಕಲಾವಿದೆಯರನ್ನು ನಾವು ಚಿಕ್ಕಂದಿನಿಂದ ನೋಡುತ್ತಾ ಬೆಳೆದವರು. ಸಂಜೆ ಬಸ್ಸಿಗೋ ಟೆಂಪೋದಲ್ಲೋ ಬರುತ್ತಿದ್ದರು, ಕೈಯಲ್ಲೊಂದು ಬ್ಯಾಗು. ರಾತ್ರಿಯೆಲ್ಲಾ ಹಾಡಿ, ಕುಣಿದು, ಅತ್ತು, ಊರನ್ನೂ ಅಳಿಸಿ, ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಅವರ ಮನೆ ಎಲ್ಲಿ, ಮಕ್ಕಳೆಷ್ಟು, ದುಡ್ಡು ಪೂರ್ತಿ ಸಿಕ್ಕಿತೋ ಇಲ್ಲವೋ, ನಮಗೆ ಗೊತ್ತಿರುತ್ತಿರಲಿಲ್ಲ. ಗ್ರಾಮೀಣ ಪತ್ರಿಕೋದ್ಯಮ ಓದಿ ಊರಿಗೆ ಬಂದ ಮೇಲೆ ನಾವು ಕೇಳಬೇಕಾದ ಮೊದಲ ಪ್ರಶ್ನೆಗಳು ಇವೇ ಅನ್ನಿಸಿತು.

ನಮ್ಮ ಕಡೆ ನಾಟಕ, ಬಯಲಾಟ ಎಂದರೆ ಮೊದಲಿನಿಂದಲೂ ಗಂಡಸರ ಕಾರುಬಾರು. ಪಟ್ಟಿ ಎತ್ತುವವರು ಗಂಡಸರು, ಮಾತು ಕಲಿಸುವ ಮಾಸ್ತರು ಗಂಡಸು, ಪೆಟ್ಟಿಗೆ ಬಾರಿಸುವವರು ಗಂಡಸು, ಮುಂಗಡ ಕೊಡುವವರು ಗಂಡಸು. ಒಂದು ಕಾಲಕ್ಕೆ ಸೀತೆ, ದ್ರೌಪದಿಯರೂ ಗಂಡಸರೇ. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಹಟ ಹಿಡಿದವರಲ್ಲಿ ನಮ್ಮ ಬಳ್ಳಾರಿ ರಾಘವ (1880–1946) ಒಬ್ಬರು. ವಕೀಲರಾಗಿದ್ದು ನಾಟಕ ಆಡಿದವರು ಅವರು. ಬಳ್ಳಾರಿಯ ರಾಘವ ಕಲಾಮಂದಿರ ಅವರ ಹೆಸರಿನದೇ. ಕಾಲ ಕಳೆದಂತೆ ಹೆಣ್ಣುಮಕ್ಕಳು ರಂಗದ ಮೇಲೆ ಬಂದರು. ಬಳ್ಳಾರಿಯವರೇ ಆದ ಸುಭದ್ರಮ್ಮ ಮನ್ಸೂರು ಹಾಡಿದರೆ ಜನ ಒನ್ಸ್ ಮೋರ್ ಎನ್ನುತ್ತಿದ್ದರೆಂದು ನಮ್ಮ ಹಿರಿಯರು ಈಗಲೂ ನೆನೆಯುತ್ತಾರೆ. ಅವರು 2020ರಲ್ಲಿ ತೀರಿಕೊಂಡರು.

ಆದರೆ ರಂಗದ ಮೇಲೆ ಬರುವುದು ಬೇರೆ, ರಂಗ ನಡೆಸುವುದು ಬೇರೆ. ಪಾತ್ರ ಮಾಡುವ ಹೆಣ್ಣುಮಗಳಿಗೆ ರಾತ್ರಿಯ ಲೆಕ್ಕದ ದುಡ್ಡು ಸಿಗುತ್ತದೆ. ಯಾವ ನಾಟಕ, ಯಾವ ಊರು, ಯಾರಿಗೆ ಎಷ್ಟು, ಯಾರನ್ನು ಮುಂದಿನ ವರ್ಷ ಕರೆಯಬೇಕು, ಯಾರನ್ನು ಬಿಡಬೇಕು ಎನ್ನುವುದನ್ನು ತೀರ್ಮಾನಿಸುವವರು ಬೇರೆಯವರು. ಹೀಗಿರುವಾಗ ಒಬ್ಬಳು ಎಷ್ಟೇ ದೊಡ್ಡ ನಟಿಯಾದರೂ ಇನ್ನೊಬ್ಬಳಿಗೆ ನೆರಳಾಗುವುದು ಕಷ್ಟ. ಹೆಣ್ಣುಮಗಳೇ ಮೇಳದ ಯಜಮಾನಿಯಾದಾಗ ಏನಾಗುತ್ತದೆ? ಇದಕ್ಕೆ ಕರ್ನಾಟಕದಲ್ಲಿ ಉತ್ತರ ಇದೆ.

ಸ್ವಲ್ಪ ದೂರ, ಮೈಸೂರಿಗೆ ಹೋಗೋಣ. ಅಲ್ಲಿನ ಆರ್. ನಾಗರತ್ನಮ್ಮ ಗುಬ್ಬಿ ವೀರಣ್ಣನವರ ಕಂಪನಿಯೂ ಸೇರಿದಂತೆ ಹಲವು ಕಡೆ ದುಡಿದವರು. 1958ರಲ್ಲಿ ಅವರು ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಹೆಸರೇ ಹೇಳುವಂತೆ ಪಾತ್ರ ಮಾಡುವವರೆಲ್ಲ ಹೆಂಗಸರು. ರಾವಣನೂ ಹೆಂಗಸು, ಕಂಸನೂ ಹೆಂಗಸು. ‘ಕೃಷ್ಣಗಾರುಡಿ’ಯಲ್ಲಿ ನಾಗರತ್ನಮ್ಮ ಗದೆ ಹಿಡಿದು ಭೀಮನಾಗಿ ಬರುತ್ತಿದ್ದರು. ಹಿಂದೆ ಗಂಡಸರು ಸೀರೆ ಉಟ್ಟರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಇವರು ಮೀಸೆ ಹಚ್ಚಿದರು. ಅವರಿಗೆ 1992ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ತೀರಿಕೊಂಡರು.

ನಮಗೆ ಅವರ ಪ್ರಶಸ್ತಿಗಿಂತ ಆ ಮಂಡಳಿಯೇ ದೊಡ್ಡದಾಗಿ ಕಾಣುತ್ತದೆ. ಒಂದು ನಾಟಕದಲ್ಲಿ ಹೆಣ್ಣಿನ ಪಾತ್ರ ಎರಡೋ ಮೂರೋ ಇರುತ್ತವೆ. ಗಂಡಸಿನ ಪಾತ್ರಗಳನ್ನೂ ಹೆಣ್ಣುಮಕ್ಕಳೇ ಮಾಡಿದರೆ ಅದೇ ನಾಟಕ ಎಷ್ಟೋ ಮನೆಗಳಿಗೆ ಅನ್ನ ಕೊಡುತ್ತದೆ. ವಯಸ್ಸು ಕಳೆದ ನಟಿಗೂ ಕೆಲಸ ಇರುತ್ತದೆ, ಏಕೆಂದರೆ ಧೃತರಾಷ್ಟ್ರನಿಗೆ ಚೆಲುವು ಬೇಕಿಲ್ಲ, ದನಿ ಇದ್ದರೆ ಸಾಕು. ರಾತ್ರಿ ಮಲಗುವ ಜಾಗ, ಬೆಳಿಗ್ಗೆ ಹೋಗುವ ಗಾಡಿ, ಇದರಲ್ಲೂ ಭಯ ಕಡಿಮೆ. ಅವರಿಗೂ ಎಷ್ಟೋ ಮೊದಲು ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಣ್ಣುಮಕ್ಕಳ ನಾಟಕ ಮಂಡಳಿ ನಡೆಸಿದ್ದರು. ಅಂದರೆ ಇದು ಇವತ್ತಿನ ಹೊಸ ಗಾಳಿ ಅಲ್ಲ, ನಮ್ಮ ಉತ್ತರ ಕರ್ನಾಟಕದ ಮಣ್ಣಿನಲ್ಲೇ ಹಿಂದಿನಿಂದ ಇದ್ದದ್ದು.

ಈಗ ನಮ್ಮ ಸೀಮೆಗೇ ಬರೋಣ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಅಕ್ಷರ ಕಲಿತವರಲ್ಲ. ಬುಡ್ಗ ಜಂಗಮರ ಮನೆಯ ಹೆಣ್ಣುಮಗಳು. ಬುರ್ರಕಥೆಯ ಉದ್ದುದ್ದ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಅವರ ಜೊತೆಗೆ ಕೂತು ದನಿಗೂಡಿಸಿ ವಾದ್ಯ ನುಡಿಸುತ್ತಿದ್ದವರು ಅವರ ಮನೆಯ ಹೆಣ್ಣುಮಕ್ಕಳು. ಊರೂರು ತಿರುಗಿ ಹಾಡುವಾಗ ಮುಖ್ಯ ಕಥೆಗಾರ್ತಿಯೂ ಹೆಣ್ಣು, ಹಿಮ್ಮೇಳವೂ ಹೆಣ್ಣು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪಡೆದರು. 2014ರಲ್ಲಿ ಹೋದರು.

ಇನ್ನೊಬ್ಬರು ನಮಗೆ ಇನ್ನೂ ಹತ್ತಿರದವರು. ಕುರುಗೋಡು ಕಡೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಲು ಹೊರಟವರಿಗೆ ನಮ್ಮ ಊರುಗಳು ಏನು ಮರ್ಯಾದೆ ಕೊಡುತ್ತವೆ ಎಂದು ನಿಮಗೆ ಹೇಳಬೇಕಿಲ್ಲ. ಅವರ ಕೈ ಹಿಡಿದವರು ಇನ್ನೊಬ್ಬ ಜೋಗತಿ, ಕಾಳವ್ವ. ಕಾಳವ್ವ ತಮ್ಮ ತಂಡಕ್ಕೆ ಸೇರಿಸಿಕೊಂಡರು, ಕುಣಿತ ಕಲಿಸಿದರು, ನಾಟಕದಲ್ಲಿ ಪಾತ್ರ ಕೊಟ್ಟರು. ಕಾಳವ್ವ ಹೋದ ಮೇಲೆ ತಂಡದ ಹೊಣೆಯನ್ನು ಮಂಜಮ್ಮ ಹೊತ್ತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಮಂಗಳಮುಖಿ ಅವರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನೀವೆಲ್ಲ ಫೋನಿನಲ್ಲಿ ನೋಡಿರುತ್ತೀರಿ. ಆ ವಿಡಿಯೋ ನೋಡಿದಾಗ ನಮಗೆ ಕಾಳವ್ವ ನೆನಪಾದರು. ಅವರು ಅಂದು ಬಾಗಿಲು ತೆಗೆಯದಿದ್ದರೆ ಈ ಹೆಜ್ಜೆ ದಿಲ್ಲಿ ಮುಟ್ಟುತ್ತಿತ್ತೋ ಇಲ್ಲವೋ.

ಹೊಸಪೇಟೆ ಹತ್ತಿರದ ಮರಿಯಮ್ಮನಹಳ್ಳಿ ಹೆಸರು ಕೇಳದ ನಾಟಕದವರು ನಮ್ಮ ಕಡೆ ಇಲ್ಲ. ಸ್ತ್ರೀ ಪಾತ್ರಕ್ಕೆ ಎಂದರೆ ಹಿರಿಯರು ಮೊದಲು ಹೇಳುವುದೇ ಆ ಊರು. ಅಲ್ಲಿನ ಕಲಾವಿದೆಯರು ತಮ್ಮದೇ ಸಂಘ ಕಟ್ಟಿಕೊಂಡಿದ್ದಾರೆ, ನಾಟಕಗಳನ್ನು ತಾವೇ ಆಡಿಸಿದ್ದಾರೆ. ಆ ಊರಿನ ರಂಗಕಲಾವಿದೆ ಕೆ. ನಾಗರತ್ನಮ್ಮನವರ ಹೆಸರು ಈ ಕೆಲಸದಲ್ಲಿ ಮುಂದಿದೆ. ಮೈಸೂರಿನ ನಾಗರತ್ನಮ್ಮ ಬೇರೆ, ಇವರು ಬೇರೆ. ಹೆಸರು ಮಾತ್ರ ಒಂದೇ.

ಸಂಘ, ಬೆಂಬಲ ಎಂದರೆ ದೊಡ್ಡ ದೊಡ್ಡ ಮಾತು ಅಂದುಕೊಳ್ಳಬೇಡಿ. ನಾಟಕದ ಅಕ್ಕಂದಿರ ಜೊತೆ ಮಾತಿಗೆ ಕೂತಾಗ ನಮಗೆ ತಿಳಿದದ್ದು ಸಣ್ಣ ಸಣ್ಣ ಸಂಗತಿಗಳು. ಹೊಸ ಊರಿಗೆ ಒಬ್ಬರೇ ಹೋಗುವುದಿಲ್ಲ, ಇಬ್ಬರಾದರೂ ಸೇರಿ ಹೋಗುತ್ತಾರೆ. ಒಬ್ಬರ ಮಗುವಿಗೆ ಜ್ವರ ಬಂದರೆ ಇನ್ನೊಬ್ಬರು ಆ ಪಾತ್ರ ಮಾಡಿ ಬರುತ್ತಾರೆ. ಯಾವ ಊರಿನವರು ದುಡ್ಡು ಸರಿಯಾಗಿ ಕೊಟ್ಟರು, ಯಾರು ಬೆಳಗಿನ ಜಾವ ಸತಾಯಿಸಿದರು ಎನ್ನುವ ಸುದ್ದಿ ಫೋನಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಹೊಸಬರಿಗೆ ಹಳಬರು ಹಾಡಿನ ಪಲುಕು ಹೇಳಿಕೊಡುತ್ತಾರೆ, ಸೀರೆ, ಸರ, ಸವರ ಕೊಡುತ್ತಾರೆ. ಇಷ್ಟೇ. ಈ ಇಷ್ಟರಿಂದಲೇ ಒಬ್ಬಳು ಹೆಣ್ಣುಮಗಳು ಈ ಕಸುಬಿನಲ್ಲಿ ಹತ್ತು ವರ್ಷ ನಿಲ್ಲುತ್ತಾಳೆ.

ಎಲ್ಲವೂ ಸಿಹಿ ಎಂದು ಬರೆದರೆ ಸುಳ್ಳಾಗುತ್ತದೆ. ಸುಗ್ಗಿ ಮುಗಿದು ಮಳೆ ಬೀಳುವವರೆಗೆ ಮಾತ್ರ ನಾಟಕದ ಸೀಜನ್ನು. ಆ ಕೆಲವೇ ತಿಂಗಳಲ್ಲಿ ಎಲ್ಲರಿಗೂ ವರ್ಷದ ಗಳಿಕೆ ಆಗಬೇಕು. ಆದ್ದರಿಂದ ಒಬ್ಬರು ಹೇಳಿದ ದರಕ್ಕಿಂತ ಇನ್ನೊಬ್ಬರು ಕಡಿಮೆಗೆ ಒಪ್ಪುವುದೂ ಉಂಟು, ಅದರಿಂದ ಮಾತು ಬಿಟ್ಟವರೂ ಉಂಟು. ಕರೆಸುವವರು ಇದನ್ನೇ ಬಳಸಿಕೊಳ್ಳುತ್ತಾರೆ. 2020ರಲ್ಲಿ ಯುಗಾದಿ ದಿನವೇ ದೇಶದ ಲಾಕ್‌ಡೌನ್ ಶುರುವಾಯಿತು. ಮರುವರ್ಷವೂ ಬೇಸಿಗೆಯಲ್ಲೇ ಬಂತು. ಎರಡು ಸೀಜನ್ನು ಕೈಬಿಟ್ಟು ಹೋದವು. ಹೊಲ ಇದ್ದವರು ಹೊಲಕ್ಕೆ ಹೋದರು, ಇಲ್ಲದವರು ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಕೂಲಿಗೆ ಹೋದರು. ಇಂಥ ಹೊತ್ತಿನಲ್ಲಿ ಒಂಟಿಯಾಗಿದ್ದವರಿಗೂ ಗುಂಪಿನಲ್ಲಿದ್ದವರಿಗೂ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ಕಿಟ್ ಎಲ್ಲಿ ಕೊಡುತ್ತಾರೆ, ಅರ್ಜಿ ಎಲ್ಲಿ ಹಾಕಬೇಕು ಎಂದು ಹೇಳುವ ಒಬ್ಬ ಅಕ್ಕ ಇದ್ದರೆ ಅದೂ ಆಸರೆಯೇ.

ಇನ್ನು ನಮ್ಮ ಪಾಲಿನ ಮಾತು. ಈ ಕಸುಬಿನ ಗಿರಾಕಿಗಳು ನಾವೇ, ಹಳ್ಳಿಯವರು. ಅವರು ಸಂಘ ಕಟ್ಟಿಕೊಳ್ಳಲಿ ಎಂದು ಹಾರೈಸಿ ಸುಮ್ಮನಾದರೆ ಆಗದು. ನಮ್ಮ ಊರಿನ ನಾಟಕ ಕಮಿಟಿಯವರಿಗೆ ನಾವು ಹೇಳುತ್ತಿರುವುದು ಇಷ್ಟು:

ಮಾತಾಡಿದ ದುಡ್ಡನ್ನು ಬಣ್ಣ ಹಚ್ಚುವ ಮೊದಲೇ ಕೊಟ್ಟುಬಿಡಿ. ಬೆಳಗಿನ ಐದು ಗಂಟೆಗೆ ನಿದ್ದೆಗಣ್ಣಿನ ಹೆಣ್ಣುಮಗಳ ಜೊತೆ ಚೌಕಾಸಿ ಬೇಡ.

ಬಣ್ಣ ಹಚ್ಚಲು, ಸೀರೆ ಬದಲಿಸಲು ಬಾಗಿಲು ಇರುವ ಒಂದು ಕೋಣೆ, ಹತ್ತಿರದಲ್ಲಿ ಶೌಚಾಲಯ ಕೊಡಿ. ಶಾಲೆಯ ಕೀಲಿ ಹೆಡ್‌ಮಾಸ್ತರ ಹತ್ತಿರ ಮೊದಲೇ ಕೇಳಿದರೆ ಆಯಿತು.

ಮೆಚ್ಚಿಗೆಯ ನೋಟನ್ನು ಪಿನ್ನು ಹಾಕಿ ಚುಚ್ಚುವ ನೆಪದಲ್ಲಿ ಸ್ಟೇಜ್ ಹತ್ತಿ ಮೈಮೇಲೆ ಬೀಳುವುದನ್ನು ನಿಲ್ಲಿಸಿ. ಕೆಳಗೆ ಒಂದು ತಟ್ಟೆ ಇಡಿ, ಮೈಕಿನಲ್ಲಿ ಹೆಸರು ಹೇಳಿ. ಕೊಡುವವರ ಹೆಸರೂ ಉಳಿಯುತ್ತದೆ, ಆಕೆಯ ಮಾನವೂ ಉಳಿಯುತ್ತದೆ.

ಕರಪತ್ರದಲ್ಲಿ ಅವರ ಹೆಸರು ಹಾಕಿ. ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅರ್ಜಿ ಹಾಕುವಾಗ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಬೇಕು. ಮೂವತ್ತು ವರ್ಷ ದ್ರೌಪದಿಯಾಗಿ ಕಣ್ಣೀರು ಹಾಕಿದವಳ ಹತ್ತಿರ ತನ್ನ ಹೆಸರಿರುವ ನಾಲ್ಕು ಕರಪತ್ರ ಇಲ್ಲದಿದ್ದರೆ ಯಾವುದನ್ನು ತೋರಿಸಬೇಕು? ನಾವು ಬಿಟ್ಟ ಒಂದು ಸಾಲು ಆಕೆಯ ಮುಪ್ಪಿನ ಔಷಧದ ದುಡ್ಡು.

ಒಂದು ಪ್ರಶ್ನೆ ಮಾತ್ರ ನಮ್ಮನ್ನು ಬಿಡುತ್ತಿಲ್ಲ. ನಮ್ಮ ಊರಿನ ಗಂಡುಮಕ್ಕಳು ಭೀಮನಾಗುತ್ತಾರೆ, ಕರ್ಣನಾಗುತ್ತಾರೆ, ಹಾರ್ಮೋನಿಯಂ ಕಲಿಯುತ್ತಾರೆ. ಅಷ್ಟೇ ಚೆನ್ನಾಗಿ ಹಾಡುವ ಹೆಣ್ಣುಮಕ್ಕಳು ಇಲ್ಲೂ ಇದ್ದಾರೆ. ಸೋಬಾನೆ ಪದ, ಭಜನೆ, ಶಾಲೆಯ ವಾರ್ಷಿಕೋತ್ಸವದಲ್ಲಿ ಅವರದೇ ದನಿ. ಆದರೆ ನಾಟಕ ಎಂದ ಕೂಡಲೇ ಬೇರೆ ಊರಿನವರ ಮಗಳನ್ನು ಕರೆಸುತ್ತೇವೆ, ನಮ್ಮ ಮಗಳನ್ನು ಚಾಪೆ ಹಾಸಿ ನೋಡಲು ಕೂರಿಸುತ್ತೇವೆ. ನಾಟಕದವರ ಬಗ್ಗೆ ಆಡುವ ಮಾತು ನಮ್ಮ ಮನೆಯವರಿಗೆ ತಾಗಬಾರದು ಎನ್ನುವ ಹೆದರಿಕೆ ಇದರ ಹಿಂದಿದೆ. ಹಾಗಾದರೆ ಆ ಮಾತು ಬೇರೆಯವರ ಮಗಳಿಗೆ ತಾಗಬಹುದೇ?

ಮುಂದಿನ ಜಾತ್ರೆಗೆ ಒಂದೇ ಒಂದು ಪೂರ್ತಿ ನಾಟಕ ಬೇಡ, ಒಂದು ಸೀನು ಸಾಕು. ಊರಿನ ಹೆಣ್ಣುಮಕ್ಕಳೇ ಆಡಲಿ, ಕಲಿಸಲು ಒಬ್ಬ ಹಿರಿಯ ಕಲಾವಿದೆಯನ್ನು ಮಾಸ್ತರ ಸಂಬಳ ಕೊಟ್ಟು ಕರೆಸೋಣ. ನಾವು ಮೂವರು ಮೋಕದಲ್ಲಿ ಮನೆಮನೆಗೆ ಹೋಗಿ ಕೇಳುತ್ತಿದ್ದೇವೆ. ಇಲ್ಲಿಯವರೆಗೆ ಇಬ್ಬರು ತಾಯಂದಿರು ನೋಡೋಣ ತಗೊಳ್ರಿ ಎಂದಿದ್ದಾರೆ. ನಿಮ್ಮೂರಿನಲ್ಲಿ ಯಾರಾದರೂ ಹೂಂ ಅಂದರೆ ನಮಗೂ ತಿಳಿಸಿ.